ಶಿಷ್ಯನ ಟ್ಯಾಂಕಿನಲ್ಲಿ ಉಳಿದ ಇಂಧನ

ಫೆಬ್ರವರಿ 9

ಅಕ್ಕಾ,

ನಿನ್ನ ಬಲಗೈ ಪ್ಲಾಸ್ಟರ್ ಬಿಚ್ಚಿದ ಸುದ್ದಿ ಭಾವ ಹೇಳಿದರು. ಅವಳಿಗೆ ಫೋನ್ ಕೊಡಿ ಎಂದೆ. "ಕೊಡಲ್ಲಪ್ಪ. ಫಿಸಿಯೋಥೆರಪಿ ಹುಡುಗಿ ಕೆಲಸ ಕೊಡಿ ಅಂದಿರೋದು ಬೆರಳಿಗೆ, ಬಾಯಿಗಲ್ಲ. ಏನಿದ್ರೂ ಇಮೇಲ್ ಹಾಕು, ಟೈಪ್ ಮಾಡ್ತಾಳೆ" ಎಂದರು. ಹಾಗಾಗಿ ಈ ಪತ್ರ.

ಬಂದರಿನ ಕ್ರೇನಿನಲ್ಲಿ ಕೂತು, ಮನೆಯಷ್ಟು ದೊಡ್ಡ ಕಂಟೇನರುಗಳನ್ನು ಹಡಗಿನಿಂದ ಎತ್ತಿ ಲಾರಿಯ ಮೇಲೆ ಇಡುವವಳು ನೀನು. ಅಂಥವಳ ಮಣಿಕಟ್ಟನ್ನು ಗಾಳಿಗೆ ಬಡಿದ ಕ್ಯಾಬಿನ್ ಬಾಗಿಲು ಮುರಿಯಿತು ಅಂದರೆ ಯಾರಿಗೆ ಹೇಳೋಣ? ನಾನು ಪ್ರೆಸ್ಸಿನಲ್ಲಿ ಹೇಳಿದೆ. ಮೆಷಿನ್ ನಡೆಸುವವನು ನಕ್ಕ. ಜೊತೆಗೆ ನಾನೂ ನಕ್ಕೆ, ಕ್ಷಮಿಸು.

ಬೆರಳಿಗೆ ಕೆಲಸ ಬೇಕು ತಾನೆ? ನಾನೊಂದು ಆಟ ಹಿಡಿದುಕೊಂಡಿದ್ದೇನೆ. ಬಾಹ್ಯಾಕಾಶ ಯಾನದ ಸಿಮ್ಯುಲೇಟರ್. ಕಂಪ್ಯೂಟರಿನಲ್ಲೇ ಬಿಡಿಭಾಗ ಜೋಡಿಸಿ ರಾಕೆಟ್ ಕಟ್ಟಬೇಕು, ಹಾರಿಸಬೇಕು, ಮೇಲೆ ಹೋದ ಮೇಲೆ ಜಾಯ್‌ಸ್ಟಿಕ್ ಹಿಡಿದು ನಡೆಸಬೇಕು. ತೂಕ, ಎಳೆತ, ಇಂಧನ ಎಲ್ಲವೂ ನಿಜದ ಲೆಕ್ಕದಲ್ಲೇ ನಡೆಯುತ್ತದೆ. ನನ್ನ ಉದ್ಯೋಗ ನಿನಗೆ ಗೊತ್ತಲ್ಲ: ಔಷಧಿ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಚೀಟಿಗಳ ಕರಡು ತಿದ್ದುವುದು. ಜಗತ್ತಿನಲ್ಲಿ ಯಾರೂ ಓದದ ಸಾಹಿತ್ಯ ನನ್ನಿಂದಾಗಿ ತಪ್ಪಿಲ್ಲದೆ ಇದೆ. ಭಾನುವಾರ ಬೆಳಿಗ್ಗೆಯಾದರೂ ನನ್ನ ಕೈಯಿಂದ ಏನಾದರೂ ಮೇಲೆ ಏಳಲಿ ಎಂದು ಇದನ್ನು ಶುರು ಮಾಡಿದೆ.

ಈಗ ಕಟ್ಟುತ್ತಿರುವುದು ಮನುಷ್ಯರಿಲ್ಲದ ಒಂದು ಪುಟ್ಟ ರೋಬೋ ನೌಕೆ. ಅದು ಗುರುಗ್ರಹಕ್ಕೆ ಹೋಗಿ ಅದರ ಸುತ್ತ ಸುತ್ತಬೇಕು. ಗುರುವಿನ ಹತ್ತಿರ ಹೋಗುವವನು ಶಿಷ್ಯ ತಾನೆ, ಅದೇ ಹೆಸರಿಟ್ಟಿದ್ದೇನೆ. ನೀನೂ ಆಟ ಹಾಕಿಸಿಕೋ.

ಕಟ್ಟು ಬಿಚ್ಚಿತು ಕೈಗೆ, ಕೆಲಸ ಕೊಡಬೇಕು;
ಮೆಟ್ಟಿಲೇ ಇಲ್ಲದ ಊರಿಗೆ ಹೊರಡಬೇಕು.

ನಿನ್ನ ತಮ್ಮ

ಫೆಬ್ರವರಿ 17

ಪ್ರಾಸಪ್ಪಾ,

ಬಲಗೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ನಿನ್ನೆ ಶುರು ಮಾಡಿದ್ದು. ನಿನ್ನ ಹಾಗೆ ಉದ್ದ ಬರೆಯಲು ನನಗೆ ಕೈಯೂ ಇಲ್ಲ, ಹೊತ್ತೂ ಇಲ್ಲ.

ಆಟ ಬಂತು. ನಿಮ್ಮ ಭಾವ ಜಾಯ್‌ಸ್ಟಿಕ್ ತಂದರು. ಮೊದಲ ರಾಕೆಟ್ ಸಮುದ್ರಕ್ಕೆ ಬಿತ್ತು. "ಎಲ್ಲಿಗೆ ಕಳಿಸಿದ್ರೂ ಬಂದರಿಗೇ ಬರತ್ತಲ್ಲ, ಕೆಲಸದ ಮೇಲೆ ನಿಷ್ಠೆ ಅಂದ್ರೆ ಇದು" ಎಂದರು. ಜಾಯ್‌ಸ್ಟಿಕ್ ಮಾತ್ರ ನಮ್ಮ ಕ್ಯಾಬಿನ್ನಿನದರ ತಂಗಿಯ ಹಾಗಿದೆ. ಹಿಡಿದ ತಕ್ಷಣ ಕೈಗೆ ಗುರುತು ಸಿಕ್ಕಿತು.

ನಿನಗೊಂದು ವಿಷಯ ಹೇಳಿರಲಿಲ್ಲ. ಜೂನ್ ಕೊನೆಯೊಳಗೆ ನಾನು ಪರೀಕ್ಷೆಗೆ ಕೂರಬೇಕು. ಖಾಲಿ ಕಂಟೇನರನ್ನು ನೆಲದ ಮೇಲಿನ ಗುರುತಿಗೆ ಸರಿಯಾಗಿ, ಕೊಟ್ಟ ಸಮಯದೊಳಗೆ ಇಳಿಸಬೇಕು. ಪಾಸಾದರೆ ಕ್ಯಾಬಿನ್, ಇಲ್ಲದಿದ್ದರೆ ಗೇಟ್ ಕೌಂಟರ್. ಅಲ್ಲಿ ಕೂತು ಲಾರಿಗಳಿಗೆ ಚೀಟಿ ಹರಿದು ಕೊಡುವುದು. ಇಷ್ಟು ವರ್ಷ ಲಾರಿಗಳ ನೆತ್ತಿ ನೋಡಿದವಳು ಇನ್ನು ಅವುಗಳ ಮೂತಿ ನೋಡಿಕೊಂಡಿರಬೇಕು. ಯಾರ್ಡಿನಲ್ಲಿ ನನ್ನನ್ನು ಕರೆಯುವುದೇ ಮೇಲಿನಮ್ಮ ಎಂದು. ಕೆಳಗಿಳಿದರೆ ಏನಂತ ಕರೆಯುತ್ತಾರೋ ಗೊತ್ತಿಲ್ಲ.

ಮಣಿಕಟ್ಟು ನೋಯುತ್ತಿದೆ. ನಿಲ್ಲಿಸುತ್ತೇನೆ.

ಅಕ್ಕ

ಮಾರ್ಚ್ 2

ಅಕ್ಕಾ,

ನಿನ್ನನ್ನು ಗೇಟಿನಲ್ಲಿ ಕೂರಿಸಿದರೆ ಲಾರಿಯವರು ಒಳಗೆ ಬರುವುದನ್ನೇ ಬಿಟ್ಟಾರು. ಆ ಚಿಂತೆ ಬಿಡು. ಜೂನ್ ದೂರವಿದೆ.

ಶಿಷ್ಯನ ವರದಿ. ಮೊದಲನೆಯವನು ನೆಲದಲ್ಲೇ ವಾಲಿ ಬಿದ್ದ. ಎರಡನೆಯವನಿಗೆ ಆಂಟೆನಾ ಹಾಕುವುದನ್ನು ಮರೆತಿದ್ದೆ. ಅಲ್ಲಿಯವರೆಗೂ ಹೋದ, ಆದರೆ ಒಂದು ಮಾತಿಲ್ಲ, ಕತೆಯಿಲ್ಲ. ಮೂರನೆಯವನಿಗೆ ಸೌರಫಲಕ ಕೊಟ್ಟು ಕಳಿಸಿದೆ. ಗುರುವಿನ ಹತ್ತಿರ ಬಿಸಿಲು ನಮ್ಮ ಪ್ರೆಸ್ಸಿನ ಗೋದಾಮಿನಷ್ಟೇ ಎಂದು ಆಮೇಲೆ ತಿಳಿಯಿತು. ಬ್ಯಾಟರಿ ಸತ್ತು ಮಲಗಿದ. ಈಗ ಬಿಸಿಲು ಬೇಡದ ಪರಮಾಣು ಬ್ಯಾಟರಿ ಹಾಕಿದ್ದೇನೆ.

ಅಲ್ಲಿಗೆ ಹೋಗುವುದು ಕಷ್ಟವಲ್ಲ ಅಕ್ಕ, ಅಲ್ಲಿ ನಿಲ್ಲುವುದು ಕಷ್ಟ. ಬಾಹ್ಯಾಕಾಶದಲ್ಲಿ ಬ್ರೇಕ್ ಇಲ್ಲ. ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಎಂಜಿನ್ ಉರಿಸಿ ವೇಗ ಕಳೆದರೆ ಗುರು ಅದನ್ನು ಹಿಡಿದುಕೊಳ್ಳುತ್ತಾನೆ. ಆ ಹೊತ್ತಿಗೆ ಟ್ಯಾಂಕ್ ಖಾಲಿಯಾದರೆ ಪಕ್ಕದಲ್ಲೇ ಹಾದು ಕತ್ತಲೆಗೆ ಹೋಗಿಬಿಡುತ್ತದೆ. ಸರಿ, ಇಂಧನ ಹೆಚ್ಚು ತುಂಬೋಣ ಎಂದರೆ ಭಾರಕ್ಕೆ ನೆಲದಿಂದಲೇ ಏಳುವುದಿಲ್ಲ. ದಾರಿಯಲ್ಲಿ ಕೈ ಅಲ್ಲಾಡಿ ನೌಕೆ ಆಚೀಚೆ ಹೋದರೆ, ಅದನ್ನು ಸರಿಪಡಿಸಲೂ ಇಂಧನ ಬೇಕು.

ನನ್ನ ಹೆಂಡತಿ ಹಿಂದೆ ಬಂದು ನಿಂತು, "ಗುರುಗ್ರಹಕ್ಕೆ ಆಮೇಲೆ ಹೋಗೋರಂತೆ, ಮೊದಲು ಆ ಗ್ಯಾಸ್ ಸಿಲಿಂಡರ್ ಬದಲಾಯ್ಸಿ" ಎಂದಳು. ನಮ್ಮ ಮನೆಯಲ್ಲೂ ಇಂಧನದ್ದೇ ಸಮಸ್ಯೆ.

ನಿನ್ನ ತಮ್ಮ

ಮಾರ್ಚ್ 23

ಅಕ್ಕಾ,

ಮುಟ್ಟಿದ. ಮುಟ್ಟಿದ್ದಷ್ಟೇ ಅಲ್ಲ, ನಿಂತ. ಚಿತ್ರ ಕಳಿಸಿದ್ದೇನೆ, ನೋಡು. ಹಿಂದೆ ಪಟ್ಟೆಪಟ್ಟೆಯಾಗಿ ಕಾಣುವುದು ಗುರು, ಮುಂದೆ ಮಿಂಚುವ ಚುಕ್ಕೆ ನಮ್ಮವನು. ತಾನಾಗಿ ದಿಕ್ಕು ಹಿಡಿಯುವ ವ್ಯವಸ್ಥೆಯನ್ನು ಆಫ್ ಮಾಡಿ, ಪೂರ್ತಿ ಕೈಯಲ್ಲೇ ನಡೆಸಿದೆ. ಕೊನೆಗೆ ಟ್ಯಾಂಕಿನಲ್ಲಿ ಒಂದಿಷ್ಟು ಇಂಧನ ಉಳಿದೂ ಇತ್ತು.

ಸುತ್ತುತಿದ್ದಾನೆ ಶಿಷ್ಯ ಗುರುವಿನ ಸುತ್ತ;
ಎತ್ತಿದ ತಲೆ ಇಳಿಸಲಾರೆ ಯಾರೆದುರೂ ಇತ್ತ.

ನಿನ್ನ ತಮ್ಮ

ಕರಡು, ಮಾರ್ಚ್ 23 (ಕಳುಹಿಸಿಲ್ಲ)

ಅಕ್ಕಾ,

ಈಗಷ್ಟೇ ಕಳಿಸಿದ ಪತ್ರದಲ್ಲಿ ಒಂದು ತಿದ್ದುಪಡಿ. ಇಂಧನ ಉಳಿದಿರಲಿಲ್ಲ. ಗುರುವಿನ ಹತ್ತಿರ ಎಂಜಿನ್ ಉರಿಸಿದೆ. ವೇಗ ಇನ್ನೂ ಬೇಕಾದಷ್ಟು ಇಳಿದಿರಲಿಲ್ಲ, ಟ್ಯಾಂಕ್ ಖಾಲಿ. ಶಿಷ್ಯ ಹಾದುಹೋಗುತ್ತಿದ್ದ. ಆಟದ ಸೆಟ್ಟಿಂಗಿನಲ್ಲಿ ಚಿಕ್ಕ ಮಕ್ಕಳಿಗೆಂದು ಒಂದು ಗುಂಡಿ ಇಟ್ಟಿದ್ದಾರೆ, ಇಂಧನ ಮುಗಿಯದಂತೆ ಮಾಡುವ ಗುಂಡಿ. ಅದನ್ನು ಒತ್ತಿದೆ. ನಿಂತ. ಮತ್ತೆ ಒತ್ತಿ ಆರಿಸಿದೆ. ಚಿತ್ರ ತೆಗೆದೆ. ಚಿತ್ರದಲ್ಲಿ ಗುಂಡಿ ಕಾಣುವುದಿಲ್ಲ.

ದಿನವೂ ಇನ್ನೊಬ್ಬರ ತಪ್ಪಿಗೆ ಕೆಂಪು ಗೀಟು ಹಾಕುವವನಿಗೆ ಇದು ಗೊತ್ತಾಗದೆ ಆದದ್ದಲ್ಲ. ನಿನಗೆ ತೋರಿಸಬೇಕಿತ್ತು, ಅಷ್ಟೇ. ಚಿಕ್ಕಂದಿನಿಂದ ಮೇಲೆ ಹತ್ತುವುದು ನೀನು, ಕೆಳಗೆ ನಿಂತು ಕತ್ತೆತ್ತಿ ನೋಡುವುದು ನಾನು. ಒಂದು ಸಲವಾದರೂ…

ಮಾರ್ಚ್ 26

ತಮ್ಮಾ,

ಶಭಾಷ್. ನಿನಗೆ ಈ ಮಾತು ನಾನು ಹಿಂದೆ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಹೇಳೇ ಇರಲಿಲ್ಲವೋ ಏನೋ.

ಚಿತ್ರವನ್ನು ಪ್ರಿಂಟ್ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಯಾರ್ಡಿಗೆ ಹೋಗಿದ್ದಾಗ ಎಲ್ಲರಿಗೂ ತೋರಿಸಿದೆ. "ನಿಮ್ಮ ತಮ್ಮ ಔಷಧಿ ಚೀಟಿ ತಿದ್ದೋರಲ್ವಾ?" ಎಂದರು. "ಅದು ಹೊಟ್ಟೆಪಾಡು, ಇದು ಅವನು" ಎಂದೆ.

ಅದರ ಫೈಲ್ ಕಳಿಸು. ನಾನೂ ಕೈಯಲ್ಲೇ ನಡೆಸುತ್ತೇನೆ.

ಅಕ್ಕ

ಮಾರ್ಚ್ 29

ಅಕ್ಕಾ,

ಇದು ಸ್ವಲ್ಪ ಗಡಸು. ಮೊದಲು ಚಂದ್ರನಿಗೆ ಹೋಗಿಬಂದರೆ ಒಳ್ಳೆಯದು. ಅಲ್ಲಿಗೆ ಒಂದು ಚೆನ್ನಾದ ನೌಕೆ ಕಟ್ಟಿಕೊಡುತ್ತೇನೆ. ಬೇಕೇಬೇಕು ಅನ್ನುವುದಾದರೆ ಶಿಷ್ಯನ ಫೈಲ್ ಇಲ್ಲಿದೆ. ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ, ಚಿಕ್ಕದಾಗಿ ಮುಗಿಸುತ್ತೇನೆ.

ನಿನ್ನ ತಮ್ಮ

ಏಪ್ರಿಲ್ 13

ತಮ್ಮಾ,

ನೆಲದಿಂದ ಎದ್ದೆ, ಭೂಮಿ ಬಿಟ್ಟೆ, ದಾರಿ ಹಿಡಿದೆ. ಗುರು ತಟ್ಟೆಯಷ್ಟು ದೊಡ್ಡದಾಗಿ ಬಂದ. ತಿರುಗಿಸಿ ಎಂಜಿನ್ ಉರಿಸಿದೆ. ಟ್ಯಾಂಕ್ ಖಾಲಿ. ವೇಗ ಅರ್ಧವಷ್ಟೇ ಇಳಿದಿತ್ತು, ಪಕ್ಕದಲ್ಲೇ ಹಾದುಹೋಯಿತು. ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಹಾಗೇ. ದಿನಾ ಹೀಗೇ ಆಗುತ್ತಿದೆ.

ಅದೇ ನೌಕೆ, ಅದೇ ಟ್ಯಾಂಕ್. ನಿನ್ನ ಕೈಯಲ್ಲಿ ಉಳಿದ ಇಂಧನ ನನ್ನ ಕೈಯಲ್ಲಿ ಸಾಲುತ್ತಿಲ್ಲ. ದಾರಿಯಲ್ಲಿ ನನ್ನ ಕೈ ಎಲ್ಲೋ ಅಲ್ಲಾಡುತ್ತಿರಬೇಕು, ನನಗೇ ಗೊತ್ತಾಗದ ಹಾಗೆ. ನೀನು ಹೇಗೆ ಹಿಡಿದೆ, ಬಿಡಿಸಿ ಬರಿ. ತಮಾಷೆ ಬೇಡ.

ಅಕ್ಕ

ಏಪ್ರಿಲ್ 15

ಅಕ್ಕಾ,

ಮೊದಮೊದಲು ಎಲ್ಲರಿಗೂ ಹೀಗೇ ಆಗುತ್ತದೆ. ಜಾಯ್‌ಸ್ಟಿಕ್ ಬಿಗಿಯಾಗಿ ಹಿಡಿಯಬೇಡ. ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳು. ಉಸಿರು ಬಿಡುವಾಗ ತಿರುಗಿಸು, ಎಳೆದುಕೊಳ್ಳುವಾಗ ಬೇಡ. ಅಭ್ಯಾಸವಾದರೆ ಬರುತ್ತದೆ. ನನಗೂ ಹಾಗೇ ಬಂದದ್ದು.

ನಿನ್ನ ತಮ್ಮ

ಕರಡು, ಏಪ್ರಿಲ್ 27 (ಕಳುಹಿಸಿಲ್ಲ)

ಅಕ್ಕಾ,

ಉಸಿರು ಬಿಡುವಾಗ ತಿರುಗಿಸು ಎಂದು ಬರೆದೆನಲ್ಲ, ಅದು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದೆ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ದಮ್ಮಿನ ಔಷಧಿಯ ಚೀಟಿಯಿಂದ. ಕ್ರೇನ್ ನಡೆಸುವವಳಿಗೆ ಜಾಯ್‌ಸ್ಟಿಕ್ ಹಿಡಿಯುವುದು ಹೇಗೆಂದು ನಾನು ಹೇಳಿಕೊಟ್ಟೆ.

ಹೇಳಿದ ಸುಳ್ಳನ್ನು ನಿಜ ಮಾಡಿಬಿಡೋಣ ಎಂದು ಹೊರಟಿದ್ದೇನೆ. ಹಗುರವಾದ ಆಂಟೆನಾ ಹಾಕಿದೆ, ಒಂದು ಕ್ಯಾಮೆರಾ ಕಿತ್ತೆ, ಎಂಜಿನ್ ಬದಲಾಯಿಸಿದೆ. ಹಾದಿಯಲ್ಲಿ ಶುಕ್ರನ ಪಕ್ಕ ಹಾಯ್ದು ಅವನ ಎಳೆತದಿಂದ ವೇಗ ತೆಗೆದುಕೊಳ್ಳುವ ಉಪಾಯವಿದೆಯಂತೆ, ಅದನ್ನೂ ನೋಡಿದೆ. ನನ್ನ ನೌಕೆ ಶುಕ್ರನಿಗೇ ಹೋಗಿ ಬಡಿಯಿತು. ನಿಜವಾಗಿ ಗುರುವಿನಲ್ಲಿ ನಿಲ್ಲುವ ಶಿಷ್ಯನೊಬ್ಬ ಸಿಕ್ಕಿದರೆ ಅದನ್ನು 'ಹೊಸ ಆವೃತ್ತಿ' ಎಂದು ನಿನಗೆ ಕಳಿಸಿ, ಹಳೆಯದನ್ನು ಮರೆಸಿಬಿಡಬೇಕು ಎಂಬುದು ಯೋಜನೆ. ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಬರೆದು ನೋಡಿದರೆ ಇದು ಮೊದಲನೆಯದಕ್ಕಿಂತ ನಾಚಿಕೆಗೇಡು.

ಮೇ 11

ತಮ್ಮಾ,

ಉಸಿರು ಬಿಡುವಾಗಲೂ ಮಾಡಿದೆ, ಹಿಡಿದೂ ಮಾಡಿದೆ. ಆಗಲಿಲ್ಲ.

ಫಿಸಿಯೋಥೆರಪಿ ಹುಡುಗಿ ಕೈ ಚೆನ್ನಾಗಿದೆ ಅಂತಾಳೆ. ಅವಳು ಎಲ್ಲರಿಗೂ ಹಾಗೇ ಅಂತಾಳೆ. ಪಕ್ಕದ ಮಂಚದ ಅಜ್ಜನಿಗೂ ಅಂದಳು, ಅವರಿಗೆ ಲೋಟ ಹಿಡಿಯಲು ಬರುವುದಿಲ್ಲ. ನಿಮ್ಮ ಭಾವನೂ ಚೆನ್ನಾಗಿದೆ ಅಂತಾರೆ. ಅವರು ನನ್ನ ಅಡುಗೆಯನ್ನೂ ಚೆನ್ನಾಗಿದೆ ಅನ್ನುವವರು.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಆದಮೇಲೆ ಹೇಳುತ್ತೇನೆ.

ಅಕ್ಕ

ಮೇ 13

ಅಕ್ಕಾ,

ತೀರ್ಮಾನ ಏನೆಂದು ಊಹಿಸಬಲ್ಲೆ. ಆಟ ಬಿಡುತ್ತೀಯ, ಅಷ್ಟೇ ತಾನೆ? ಬಿಟ್ಟುಬಿಡು. ನಾನೇ ಹೇಳಬೇಕೆಂದಿದ್ದೆ. ಕೂತು ಕೂತು ಕತ್ತು ಹಿಡಿಯುತ್ತದೆ. ಬೆರಳಿಗೆ ಬೇರೆ ಎಷ್ಟೋ ಕೆಲಸವಿದೆ, ಹೊಲಿಗೆ ಹಾಕು, ಬಟಾಣಿ ಬಿಡಿಸು. ಫ್ರಿಜ್ಜಿನ ಮೇಲಿನ ಆ ಚಿತ್ರವನ್ನೂ ತೆಗೆದುಬಿಡು, ಹಳೆಯದಾಯಿತು.

ಆಟ ಬಿಟ್ಟರೆ ಬಿಡಲಿ, ಊಟ ಬಿಡದಿರಲಿ;
ನೋಟ ದೂರದ್ದಿರಲಿ, ಕಾಟ ಮರೆತಿರಲಿ.

ಎಷ್ಟೋ ದಿನದ ಮೇಲೆ ಇವತ್ತು ಪ್ರಾಸ ತಾನಾಗಿ ಬಂತು.

ನಿನ್ನ ತಮ್ಮ

ಮೇ 30

ತಮ್ಮಾ,

ನೀನು ಊಹಿಸಿದ್ದು ಅಲ್ಲ. ಬಿಟ್ಟದ್ದು ಆಟವನ್ನಲ್ಲ, ಕ್ರೇನನ್ನು.

ಸೂಪರ್‌ವೈಸರಿಗೆ ಬರೆದುಕೊಟ್ಟೆ: ಪರೀಕ್ಷೆಗೆ ಕೂರುವುದಿಲ್ಲ, ಗೇಟ್ ಕೌಂಟರ್ ಕೊಡಿ. ನನ್ನ ಬದಲು ಕೂರುತ್ತಿದ್ದವನಿಗೆ ಸೀಟು ಕಾಯಂ ಆಯಿತು. ಸೋಮವಾರದಿಂದ ನಾನು ಕೆಳಗೆ.

ಬೇಸರ ಮಾಡಿಕೊಳ್ಳಬೇಡ. ಯೋಚಿಸಿಯೇ ಮಾಡಿದ್ದು. ನಿನ್ನ ಶಿಷ್ಯನನ್ನೇ ನಾನು ಅಳತೆ ಮಾಡಿಕೊಂಡಿದ್ದೆ, ನಿನಗೆ ಹೇಳಿರಲಿಲ್ಲ. ಯಾವತ್ತೂ ಕ್ರೇನ್ ಮುಟ್ಟದ ನನ್ನ ತಮ್ಮ ನಿಲ್ಲಿಸಿದ ನೌಕೆಯನ್ನು ನಾನು ನಿಲ್ಲಿಸಲಾರೆ ಎಂದಾದರೆ, ಆ ಕೈ ಹಿಡಿದುಕೊಂಡು ಕೆಳಗೆ ಜನ ಓಡಾಡುವ ಕಡೆ ಕಂಟೇನರ್ ಇಳಿಸಬಾರದು. ಎಲ್ಲರೂ ನನ್ನ ಮನಸ್ಸು ನೋಯಬಾರದೆಂದು ಚೆನ್ನಾಗಿದೆ, ಚೆನ್ನಾಗಿದೆ ಅಂದರು. ನಿಜ ತೋರಿಸಿಕೊಟ್ಟದ್ದು ನಿನ್ನ ನೌಕೆ ಒಂದೇ. ಅದಕ್ಕೆ ನಿನಗೆ ಋಣಿ.

ಚಿತ್ರ ತೆಗೆದಿಲ್ಲ. ಅಲ್ಲೇ ಇದೆ.

ಅಕ್ಕ

ಮೇ 30

ಅಕ್ಕಾ,

ನಾನು ನಿಲ್ಲಿಸಿರಲಿಲ್ಲ. ಟ್ಯಾಂಕ್ ನನಗೂ ಖಾಲಿಯಾಗಿತ್ತು. ಇಂಧನ ಮುಗಿಯದಂತೆ ಮಾಡುವ ಗುಂಡಿಯೊಂದು ಆಟದಲ್ಲಿದೆ, ಅದನ್ನು ಒತ್ತಿ ನಿಲ್ಲಿಸಿದೆ. ಉಳಿದಿತ್ತು ಎಂದು ಬರೆದದ್ದು ಸುಳ್ಳು. ಆ ಟ್ಯಾಂಕಿನಲ್ಲಿ ಆ ನೌಕೆಯನ್ನು ಯಾರ ಕೈಯೂ ನಿಲ್ಲಿಸಲಾರದು. ನೀನು ಮಾಡಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ನೀನು ಅದರಿಂದ ಕೈ ಅಳೆಯುತ್ತಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಆದರೆ 'ನನ್ನ ಕೈ ಅಲ್ಲಾಡುತ್ತಿರಬೇಕು' ಎಂದು ನೀನು ಬರೆದದ್ದನ್ನು ಓದಿದ್ದೆ. ಓದಿ, ಉಸಿರು ಬಿಡುವ ಬಗ್ಗೆ ಉಪದೇಶ ಬರೆದೆ.

ಬರೆದು ಕಳಿಸದೆ ಇಟ್ಟುಕೊಂಡಿದ್ದ ಎರಡು ಕರಡುಗಳನ್ನೂ ಇದರ ಜೊತೆ ಕಳಿಸುತ್ತಿದ್ದೇನೆ.

ದಯವಿಟ್ಟು ಸೋಮವಾರದೊಳಗೆ ಹೋಗಿ ಬರೆದುಕೊಟ್ಟದ್ದನ್ನು ವಾಪಸ್ ತೆಗೆದುಕೋ. ನಾನು ಬಂದು ಹೇಳಬೇಕೆಂದರೆ ಬರುತ್ತೇನೆ.

ತಮ್ಮ

ಜೂನ್ 8

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಭಾವನಿಗೆ ಫೋನ್ ಮಾಡಿದೆ. "ಅವಳೇ ಬರೀತಾಳೆ. ಬರೆದಾಗ ಓದು" ಎಂದು ಇಟ್ಟರು. ಅವರು ನನ್ನ ಹತ್ತಿರ ಅಷ್ಟು ಚಿಕ್ಕದಾಗಿ ಮಾತಾಡಿದ್ದು ಇದೇ ಮೊದಲು.

ಆ ಚಿತ್ರವನ್ನು ಆಟದವರೆಲ್ಲ ಸೇರುವ ತಾಣದಲ್ಲೂ ಹಾಕಿ ಹೊಗಳಿಸಿಕೊಂಡಿದ್ದೆ. ಅಲ್ಲಿಯೂ ನಿಜ ಬರೆದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಅಯ್ಯೋ ಬಿಡಿ ಸಾರ್, ಎಲ್ಲರೂ ಒತ್ತೋರೇ" ಎಂದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಕೆಂಪು ಪೆನ್ನು ಹಿಡಿಯಲು ಸಂಕೋಚ. ಇದನ್ನು ನಿನ್ನ ಕನಿಕರಕ್ಕೆಂದು ಬರೆಯುತ್ತಿದ್ದೇನೋ ಎಂಬ ಅನುಮಾನವೂ ಬರುತ್ತಿದೆ. ಹಾಗಾಗಿ ನಿಲ್ಲಿಸುತ್ತೇನೆ.

ತಮ್ಮ

ಜೂನ್ 21

ತಮ್ಮಾ,

ಕರಡುಗಳನ್ನು ಓದಿದೆ. ನಿನ್ನ ಬೇರೆಲ್ಲ ಪತ್ರಗಳಿಗಿಂತ ಅವೇ ಚೆನ್ನಾಗಿವೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಷ್ಟು ಚೆನ್ನಾಗಿ ಹೇಳಲು ಬರುತ್ತಿತ್ತು, ಆದರೂ ಹೇಳಲಿಲ್ಲ.

ಸೂಪರ್‌ವೈಸರ್ ಹತ್ತಿರ ಹೋದೆ. ಅವರ ಕಿಟಕಿಯ ಹೊರಗೆ ಲಾರಿಯವರು ಸಾಲಾಗಿ ನಿಂತಿದ್ದರು. ಬರೆದುಕೊಟ್ಟದ್ದನ್ನು ವಾಪಸ್ ಕೊಡಿ ಎಂದೆ.

"ಯಾಕಮ್ಮಾ? ಆವತ್ತು ಕೈ ಸರಿಯಿಲ್ಲ ಅಂದ್ರಿ?"

"ನನ್ನ ತಮ್ಮ ಸುಳ್ಳು ಹೇಳಿದ್ದ."

"ನಿಮ್ಮ ತಮ್ಮ ಡಾಕ್ಟರಾ?"

"ಅಲ್ಲ. ಗುರುಗ್ರಹಕ್ಕೆ ನೌಕೆ ಕಳಿಸ್ತಾನೆ. ಕಂಪ್ಯೂಟರಲ್ಲಿ."

ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಕಾರಣ ಅನ್ನೋ ಕಡೆ ಏನಂತ ಬರ್ಕೊಳ್ಳಲಿ ಮೇಲಿನಮ್ಮಾ? ಗ್ರಹಗತಿ ಅಂತಲಾ?"

ಕಿಟಕಿಯ ಹೊರಗೆ ನಗು. ಇಷ್ಟು ವರ್ಷ ಕೆಲಸ ಮಾಡಿದ ಜಾಗದಲ್ಲಿ ತಲೆ ತಗ್ಗಿಸಿ ನಿಂತೆ. ಎತ್ತಿದ ತಲೆ ಇಳಿಸಲಾರೆ ಎಂದು ಬರೆದವನು ನೀನು, ತಗ್ಗಿದ ತಲೆ ನನ್ನದು.

ಆದರೂ ಒಪ್ಪಿದರು. ಮೊನ್ನೆ ಪರೀಕ್ಷೆ ಆಯಿತು. ಕೈ ನಡುಗಲಿಲ್ಲ. ಕೈಗೆ ಎಲ್ಲ ನೆನಪಿತ್ತು. ಕಂಟೇನರ್ ನೆಲದಿಂದ ಆಳೆತ್ತರದಲ್ಲಿರುವಾಗ ನಾನೇ ನಿಲ್ಲಿಸಿಬಿಟ್ಟೆ. ಇಳಿಸಲಾ, ಅಲ್ಲಾಡುತ್ತಿದೆಯಾ, ನನಗೆ ಗೊತ್ತಾಗದ ಹಾಗೆ ಅಲ್ಲಾಡುತ್ತಿದೆಯಾ ಎಂದು ನೋಡುತ್ತಾ ಕೂತೆ. ಸಮಯ ಮುಗಿಯಿತು. ಫೇಲ್.

ಹೇಳಿದ ಸುಳ್ಳನ್ನು ನೀನು ವಾಪಸ್ ತೆಗೆದುಕೊಂಡೆ. ಅದು ನನ್ನ ಕೈಯೊಳಗೆ ಬಿಟ್ಟುಹೋದ ಅನುಮಾನವನ್ನು ಯಾರು ತೆಗೆದುಕೊಳ್ಳುತ್ತಾರೆ?

ಇನ್ನೊಂದು ಅವಕಾಶ ಇದೆಯಂತೆ, ಬರುವ ತಿಂಗಳು. ನಿನ್ನಿಂದ ನನಗೆ ಕ್ಷಮಾಪಣೆ ಬೇಡ. ಆ ಗುಂಡಿ ಮುಟ್ಟದೆ ನಡೆಸು. ಏನಾಯಿತೋ ಅದನ್ನು ಬರಿ. ಅಷ್ಟೇ ಬರಿ.

ಅಕ್ಕ

ಜೂನ್ 24

ಅಕ್ಕಾ,

ಏನಾಯಿತೋ ಅದು.

ಭಾನುವಾರ ಬೆಳಿಗ್ಗೆ ಅದೇ ಶಿಷ್ಯನನ್ನು ಹಾರಿಸಿದೆ. ನೆಲದಿಂದ ಏಳುವಾಗ ಎಡಕ್ಕೆ ವಾಲಿದ, ಸರಿಪಡಿಸಲು ಹೋಗಿ ಬಲಕ್ಕೆ ವಾಲಿಸಿದೆ. ಭೂಮಿ ಬಿಡುವಷ್ಟರಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಸುಟ್ಟಿದ್ದೆ. ಗುರುವಿನ ಹತ್ತಿರ ತಿರುಗಿಸಿ ಎಂಜಿನ್ ಉರಿಸಿದೆ. ನೀನು ಹೇಳಿದ್ದಕ್ಕಿಂತಲೂ ಬೇಗ ಖಾಲಿಯಾಯಿತು. ಅಂದರೆ ನೀನು ನನಗಿಂತ ಚೆನ್ನಾಗಿ ನಡೆಸಿದ್ದೆ. ಇದು ನಿನ್ನನ್ನು ಸಮಾಧಾನ ಮಾಡಲು ಬರೆದದ್ದಲ್ಲ. ನಡೆಸಿದ್ದು ಪೂರ್ತಿ ರೆಕಾರ್ಡ್ ಆಗಿದೆ, ಕಳಿಸಿದ್ದೇನೆ.

ಆಮೇಲೆ ಏನೂ ಮಾಡಲಿಲ್ಲ. ಶಿಷ್ಯ ಹಾದುಹೋದ. ಗುರು ಹಿಂದೆ ಬಿದ್ದು ನಾಣ್ಯದಷ್ಟಾದ, ಗುಂಡುಸೂಜಿಯ ತಲೆಯಷ್ಟಾದ. ಹೆಂಡತಿ ಬಂದು, "ಏನ್ರೀ, ಖಾಲಿ ಪರದೆ ನೋಡ್ತಾ ಕೂತಿದೀರ?" ಎಂದಳು. "ಸೋತೆ" ಎಂದೆ. "ಹೌದಾ, ಸರಿ, ತಿಂಡಿಗೆ ಬನ್ನಿ" ಎಂದಳು. ಇಷ್ಟು ಸುಲಭವಿತ್ತು.

ತಮ್ಮ

ಜುಲೈ 19

ತಮ್ಮಾ,

ರೆಕಾರ್ಡ್ ನೋಡಿದೆ. ಹೇಗೆ ಹಿಡಿಯುತ್ತೀಯೋ ಮಾರಾಯ, ದೇವರಿಗೇ ಪ್ರೀತಿ. ಇಂಥವನನ್ನು ಅಳತೆ ಮಾಡಿಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ನಗು ಬಂತು. ಭಾವ ಎರಡು ಸಲ ಹಾಕಿಸಿಕೊಂಡು ನೋಡಿದರು.

ಪರೀಕ್ಷೆ ಮುಗಿಯಿತು. ಇಳಿಸಿದೆ, ಗುರುತಿಗೆ ಸರಿಯಾಗಿ, ಸಮಯದೊಳಗೆ. ಗಾಳಿ ಇತ್ತು. ಆಗ ನಿನ್ನ ನೆನಪೂ ಬರಲಿಲ್ಲ. ಅದೇ ಒಳ್ಳೆಯದಾಯಿತು.

ಇವತ್ತು ಕ್ಯಾಬಿನ್ನಿಗೆ ಹತ್ತಿದೆ. ಖುಷಿಯಾಗಬೇಕಿತ್ತು. ನನ್ನ ಬದಲು ಕೂತಿದ್ದವನ ವಿಷಯ ಹೇಳಿದ್ದೆನಲ್ಲ, ಅವನೀಗ ಗೇಟ್ ಕೌಂಟರಿನಲ್ಲಿ. ಎರಡು ಮಕ್ಕಳ ತಂದೆ. ಕ್ರೇನಿನಲ್ಲಿ ಅವನ ಕೈ ಚೆನ್ನಾಗಿದೆ, ನಾನೇ ನೋಡಿದ್ದೇನೆ. ಸೀಟು ಕಾಯಂ ಅಂದಿದ್ದರಿಂದ, ಮೇಲೆ ಚಳಿ ಅಂತ ದಪ್ಪ ಜಾಕೆಟ್ ಕೊಂಡಿದ್ದ. ಅದನ್ನು ಕೌಂಟರಿನ ಕುರ್ಚಿಯ ಹಿಂದೆ ನೇತುಹಾಕಿದ್ದಾನೆ. ಬೆಳಿಗ್ಗೆ ನಾನು ಒಳಗೆ ಹೋಗುವಾಗ ಕೇಳಿದ: "ಮೇಲಿನಮ್ಮಾ, ನಾನೇನಾದ್ರೂ ತಪ್ಪು ಮಾಡಿದ್ನಾ? ಯಾರೂ ಹೇಳ್ತಿಲ್ಲ. ಸೂಪರ್‌ವೈಸರನ್ನ ಕೇಳಿದ್ರೆ, ಹೀಗೇ ಒಂದು ಬದಲಾವಣೆ ಅಂತಾರೆ."

ನಗುತ್ತಾ ಏನೋ ಹೇಳಿ ಮೆಟ್ಟಿಲು ಹತ್ತಿಬಿಟ್ಟೆ. ನಾನೂ ನಿನ್ನ ಹಾಗೆಯೇ ಮಾಡಿದೆ ಎಂದು ಮೇಲೆ ಹೋದಮೇಲೆ ಗೊತ್ತಾಯಿತು. ಅವನ ಮುಖ ನೋಡಲು ನಾಚಿಕೆ. ಸಂಜೆ ಇಳಿದು ಬಂದು ನನ್ನ ಪಾಲಿನದನ್ನು ಹೇಳಿದೆ. ನಿನ್ನ ಪಾಲಿನದನ್ನು ನೀನೇ ಹೇಳಬೇಕು.

ಅವನ ಇಮೇಲ್ ವಿಳಾಸ ಕೆಳಗಿದೆ.

ಅಕ್ಕ

ಜುಲೈ 21

ಸ್ವಾಮಿ, ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ನಾನು ಮೇಲಿನಮ್ಮನ ತಮ್ಮ. ಬಾಹ್ಯಾಕಾಶದ ಒಂದು ಕಂಪ್ಯೂಟರ್ ಆಟದಲ್ಲಿ ಗುರುಗ್ರಹಕ್ಕೆ ನೌಕೆ ಕಳಿಸಿದ್ದೆ. ಅದು ಅಲ್ಲಿ ನಿಲ್ಲಲಿಲ್ಲ. ನಿಂತಿತು ಎಂದು ಅಕ್ಕನಿಗೆ ಸುಳ್ಳು ಬರೆದೆ. ಅವಳು ಅದನ್ನು ನಂಬಿ, ತಾನೂ ನಿಲ್ಲಿಸಲು ನೋಡಿ, ಆಗದೆ, ತನ್ನ ಕೈ ಹೋಯಿತೆಂದು ಕ್ರೇನ್ ಬಿಟ್ಟಳು. ಅದರಿಂದ ನಿಮಗೆ ಆ ಸೀಟು ಕಾಯಂ ಆಯಿತು. ನಾನು ನಿಜ ಹೇಳಿದ ಮೇಲೆ ಅವಳು ಮತ್ತೆ ಪರೀಕ್ಷೆಗೆ ಕೂತಳು, ನೀವು ಕೆಳಗೆ ಬಂದಿರಿ.

ಓದುವಾಗ ಇದು ಹುಚ್ಚನ ಮಾತಿನಂತೆ ಕಾಣಬಹುದು. ನಿಮ್ಮ ಸೂಪರ್‌ವೈಸರಿಗೂ ಹಾಗೇ ಕಂಡಿತಂತೆ. ನಾನು ಮೊದಲೇ ಹೇಳಿದ್ದರೆ ಆ ಸೀಟಿನ ಆಸೆಯನ್ನು ನಿಮಗೆ ಯಾರೂ ಹುಟ್ಟಿಸುತ್ತಿರಲಿಲ್ಲ. ನಿಮ್ಮಿಂದ ಉತ್ತರ ಬಯಸಿ ಬರೆದದ್ದಲ್ಲ. ನೀವು ಕೇಳಿದ ಪ್ರಶ್ನೆಗೆ ಅಲ್ಲಿ ಯಾರೂ ಉತ್ತರ ಕೊಡಲಿಲ್ಲವಂತೆ, ಅದಕ್ಕೆ ಬರೆದೆ.

ನೀವು ಏನೂ ತಪ್ಪು ಮಾಡಿಲ್ಲ. ನಿಮ್ಮ ಕೈ ಚೆನ್ನಾಗಿದೆ.